ಶಾಲಾ ನಾಯಕಿಯಾದ ಮಗಳ ಅಂಕ ಕುಸಿದಿದೆ: ಆಟ, ಕುಣಿತ, ಸೇವೆ ಎಲ್ಲವನ್ನೂ ಬಿಡಿಸಬೇಕೇ?

ಪ್ರಶ್ನೆ: ಮೇಡಂ, ನಾವು ಮೂಡಿಗೆರೆ ತಾಲ್ಲೂಕಿನವರು. ನಮ್ಮ ಯಜಮಾನರು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಒಬ್ಬಳೇ ಮಗಳು, ಒಂಬತ್ತನೇ ತರಗತಿ. ಈ ವರ್ಷ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದು ನಾಯಕಿಯಾದಳು. ಖೋ ಖೋ ತಂಡದಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿ ಬಂದಳು. ಪ್ರತಿಭಾ ಕಾರಂಜಿಗೆ ಜಾನಪದ ನೃತ್ಯ, ಆಶುಭಾಷಣ ಎರಡಕ್ಕೂ ಅವಳೇ. ಗೈಡ್ಸ್‌ನಲ್ಲೂ ಇದ್ದಾಳೆ, ಶನಿವಾರ ಗಿಡ ನೆಡುವುದು, ಊರು ಸ್ವಚ್ಛ ಮಾಡುವುದು ಇರುತ್ತದೆ. ಎಂಟನೇ ತರಗತಿಯಲ್ಲಿ ಶೇ 86 ತೆಗೆದವಳು ಈ ಸಲದ ಅರ್ಧವಾರ್ಷಿಕದಲ್ಲಿ ಶೇ 68ಕ್ಕೆ ಇಳಿದಿದ್ದಾಳೆ. ಕನ್ನಡದಲ್ಲಿ ನೂರಕ್ಕೆ 88, ಸಮಾಜದಲ್ಲಿ 78 ಬಂದಿದ್ದರೂ ಗಣಿತದಲ್ಲಿ 43, ವಿಜ್ಞಾನದಲ್ಲಿ 52. ಯಜಮಾನರು ಎಲ್ಲವನ್ನೂ ಬಿಡಿಸಿ ಟ್ಯೂಷನ್‌ಗೆ ಹಾಕೋಣ ಎನ್ನುತ್ತಾರೆ. ಹೆಡ್‌ಮಾಸ್ಟರು, ಇಂಥ ಮಗುವನ್ನು ತಡೆಯಬೇಡಿ, ಸರ್ಟಿಫಿಕೇಟುಗಳು ಮುಂದೆ ಸೀಟಿಗೆ ಆಗುತ್ತವೆ ಎನ್ನುತ್ತಾರೆ. ದೊಡ್ಡವಳಾದ ಹುಡುಗಿ ಹೀಗೆಲ್ಲ ಓಡಬಾರದು ಎಂದು ಅತ್ತೆಯವರು. ಮಗಳು ಮಾತೇ ಆಡುವುದಿಲ್ಲ. ಎರಡು ರಾತ್ರಿ ಅತ್ತಳು. ತುಂಬಾ ಕೇಳಿದ ಮೇಲೆ, ಮಧ್ಯಾಹ್ನ ಊಟಕ್ಕೆ ಯಾರೂ ನನ್ನ ಜೊತೆ ಕೂರುವುದಿಲ್ಲ ಎಂದಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ನೀವು ಕೇಳಿರುವುದು ಅಂಕದ ವಿಚಾರ. ಆದರೆ ಪತ್ರದ ಕೊನೆಯಲ್ಲಿ, ಬೇರೆಲ್ಲದರ ನಡುವೆ ಸಿಕ್ಕಿಕೊಂಡಂತೆ ಬಂದಿರುವ ಊಟದ ಮಾತು ನನ್ನನ್ನು ಹೆಚ್ಚು ತಡೆದು ನಿಲ್ಲಿಸಿತು. ಅಂಕ ಇಳಿದದ್ದಕ್ಕೂ ಮಗಳು ಅಳುತ್ತಿರುವುದಕ್ಕೂ ಕಾರಣ ಒಂದೇ ಎಂದು ಮನೆಯವರೆಲ್ಲ ಭಾವಿಸಿರುವಂತೆ ಕಾಣುತ್ತದೆ. ಮೂರು ದಶಕಗಳ ಕಾಲ ಇದೇ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಮಾಡಿ, ಈಗ ಮಕ್ಕಳೊಂದಿಗೂ ಪೋಷಕರೊಂದಿಗೂ ಆಪ್ತಸಮಾಲೋಚನೆ ನಡೆಸುತ್ತಿರುವ ನನಗೆ ಇವು ಎರಡು ಬೇರೆ ಬೇರೆ ತೊಂದರೆಗಳೆಂದು ತೋರುತ್ತದೆ. ಎರಡಕ್ಕೂ ಒಂದೇ ಮದ್ದು ಹಾಕಿದರೆ ಒಂದೂ ವಾಸಿಯಾಗುವುದಿಲ್ಲ.

ಮೊದಲು ಅಂಕಗಳನ್ನು ನೋಡೋಣ. ಒಂದು ಮಗು ದಣಿದಿದ್ದರೆ, ಓದಿನಲ್ಲಿ ಆಸಕ್ತಿ ಕಳೆದುಕೊಂಡಿದ್ದರೆ ಅಥವಾ ಮನಸ್ಸು ಬೇರೆಡೆ ಹೋಗಿದ್ದರೆ ಸಾಮಾನ್ಯವಾಗಿ ಎಲ್ಲ ವಿಷಯಗಳಲ್ಲೂ ಅಷ್ಟಿಷ್ಟು ಇಳಿಯುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಹಾಗಾಗಿಲ್ಲ. ಕನ್ನಡ ಮತ್ತು ಸಮಾಜ ವಿಜ್ಞಾನ ಗಟ್ಟಿಯಾಗಿ ನಿಂತಿವೆ, ಗಣಿತ ಮತ್ತು ವಿಜ್ಞಾನ ಮಾತ್ರ ಕುಸಿದಿವೆ. ತಪ್ಪಿಹೋದ ಸಮಾಜದ ಪಾಠವನ್ನು ಪುಸ್ತಕ ಹಿಡಿದು ಮನೆಯಲ್ಲೇ ಓದಿಕೊಳ್ಳಬಹುದು. ಗಣಿತದಲ್ಲಿ ಅದು ಸಾಧ್ಯವಿಲ್ಲ, ಏಕೆಂದರೆ ಇಂದಿನ ಲೆಕ್ಕ ನಿನ್ನೆಯ ಲೆಕ್ಕದ ಹೆಗಲ ಮೇಲೆ ನಿಂತಿರುತ್ತದೆ. ಬಹುಪದೋಕ್ತಿಗಳನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ ದಿನ ಮಗು ಮೈದಾನದಲ್ಲಿದ್ದರೆ, ಮರುದಿನ ತರಗತಿಯಲ್ಲಿ ಕೂತಿದ್ದರೂ ಅದು ಕೂತಂತಲ್ಲ. ಆದ್ದರಿಂದ ನಿಮ್ಮ ಮಗಳು ಓದನ್ನು ಬಿಟ್ಟಿದ್ದಾಳೆ ಎನ್ನುವುದಕ್ಕಿಂತ ಅವಳಿಗೆ ಕೆಲವು ಪಾಠಗಳು ಸಿಕ್ಕೇ ಇಲ್ಲ ಎನ್ನುವುದು ಹೆಚ್ಚು ಸರಿ. ಇದನ್ನು ಖಚಿತಪಡಿಸಿಕೊಳ್ಳಲು ಪರೀಕ್ಷೆಯ ಪ್ರಶ್ನೆಪತ್ರಿಕೆ ಬೇಕಿಲ್ಲ, ಅವಳ ಗಣಿತದ ನೋಟ್ ಪುಸ್ತಕ ಸಾಕು. ಪುಟದ ಮೂಲೆಯಲ್ಲಿ ಬರೆದಿರುವ ತಾರೀಖುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ನನ್ನ ಬಳಿಗೆ ಇಂಥದೇ ತೊಂದರೆ ಹೊತ್ತು ಬಂದ ಇನ್ನೊಬ್ಬ ಹುಡುಗಿಯ ಪುಸ್ತಕದಲ್ಲಿ ಆಗಸ್ಟ್ 18 ಆದ ಮೇಲೆ ಕಂಡ ತಾರೀಖು ಸೆಪ್ಟೆಂಬರ್ 2. ನಡುವೆ ಆರು ಹಾಳೆಗಳನ್ನು ಆಮೇಲೆ ಬರೆದುಕೊಳ್ಳುತ್ತೇನೆ ಎಂದು ಖಾಲಿ ಬಿಟ್ಟಿದ್ದಳು. ಆ ಆರು ಹಾಳೆಗಳು ಡಿಸೆಂಬರ್ ಬಂದರೂ ಖಾಲಿಯೇ ಇದ್ದವು.

ಇದಕ್ಕೆ ಮಗುವನ್ನು ದೂರುವ ಮುನ್ನ ನಮ್ಮ ಕಡೆಯ ಶಾಲಾ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ಗಮನಿಸಬೇಕು. ಜೂನ್‌ನಲ್ಲಿ ಶಾಲೆ ಸರಿಯಾಗಿ ನೆಲೆಗೊಳ್ಳುವಷ್ಟರಲ್ಲಿ ಸಂಸತ್ತಿನ ಚುನಾವಣೆ, ಜುಲೈನಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರಗಳಂಥ ಮಲೆನಾಡು ತಾಲ್ಲೂಕುಗಳಲ್ಲಿ ಮಳೆ ರಜೆ, ಆ ರಜೆಗಳಿಂದ ಹಿಂದೆ ಬಿದ್ದ ಪಾಠಗಳನ್ನು ಮುಗಿಸಲು ಆಮೇಲೆ ವೇಗದ ಓಟ. ಕಡೂರು, ಅರಸೀಕೆರೆಯಂಥ ಬಯಲು ಸೀಮೆಯಲ್ಲಿ ಜುಲೈ ತಿಂಗಳಲ್ಲೂ ಮೈದಾನ ಒಣಗಿರುತ್ತದೆ, ಅಭ್ಯಾಸ ಹಂಚಿಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆ ಹೊಳವಾಗುವುದನ್ನೇ ಕಾದು ವಲಯ ಮಟ್ಟ, ತಾಲ್ಲೂಕು ಮಟ್ಟದ ಆಟಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಅದೇ ವಾರಗಳಲ್ಲಿ ಸ್ವಾತಂತ್ರ್ಯ ದಿನದ ಕವಾಯತು, ಪ್ರತಿಭಾ ಕಾರಂಜಿಯ ಕ್ಲಸ್ಟರ್ ಮಟ್ಟ, ಅದರ ಬೆನ್ನಿಗೇ ಅರ್ಧವಾರ್ಷಿಕ ಪರೀಕ್ಷೆ. ಪಾಠ ಅತ್ಯಂತ ವೇಗವಾಗಿ ಸಾಗುವ ದಿನಗಳೂ ಮಗು ತರಗತಿಯಿಂದ ಹೊರಗಿರುವ ದಿನಗಳೂ ಒಂದೇ ಆಗಿಬಿಡುತ್ತವೆ. ಸ್ಪರ್ಧೆಯ ದಿನಗಳು ಹಾಜರಿ ಪುಸ್ತಕದಲ್ಲಿ ಅಷ್ಟಿಷ್ಟು ಗುರುತಾಗುತ್ತವೆ, ಅಭ್ಯಾಸಕ್ಕೆಂದು ಕರೆದೊಯ್ಯುವ ಕೊನೆಯ ಎರಡು ಪೀರಿಯಡ್‌ಗಳು ಎಲ್ಲಿಯೂ ದಾಖಲಾಗುವುದಿಲ್ಲ. ದಿನಕ್ಕೆ ಎರಡರಂತೆ 22 ದಿನ ಹೋದರೆ 44 ಪೀರಿಯಡ್. ದಿನಕ್ಕೆ ಏಳು ಪೀರಿಯಡ್ ನಡೆಯುವ ಶಾಲೆಯಲ್ಲಿ ಇದು ಆರು ಪೂರ್ಣ ದಿನಗಳಿಗೂ ಮಿಗಿಲು. ವೇಳಾಪಟ್ಟಿಯಲ್ಲಿ ಆ ಕೊನೆಯ ಪೀರಿಯಡ್‌ಗಳು ವಿಜ್ಞಾನದ್ದೋ ಗಣಿತದ್ದೋ ಆಗಿದ್ದರೆ ಅಷ್ಟೂ ಪೆಟ್ಟು ಒಂದೇ ವಿಷಯದ ಮೇಲೆ ಬೀಳುತ್ತದೆ. ನಿಮ್ಮ ಮಗಳ ವೇಳಾಪಟ್ಟಿಯನ್ನು ಒಮ್ಮೆ ತೆಗೆದು ನೋಡಿ.

ಇನ್ನೊಂದು ಕಾರಣವನ್ನು ನಾನು ಶಿಕ್ಷಕರ ಕಡೆಯವಳಾಗಿಯೇ ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ಚುರುಕಾದ ಒಂದು ಮಗು ಕಣ್ಣಿಗೆ ಬಿದ್ದರೆ ದೈಹಿಕ ಶಿಕ್ಷಕರು ಅವಳನ್ನೇ ಕರೆಯುತ್ತಾರೆ, ಕನ್ನಡ ಶಿಕ್ಷಕರು ಭಾಷಣಕ್ಕೆ ಅವಳನ್ನೇ ಕರೆಯುತ್ತಾರೆ, ಗೈಡ್ಸ್ ಕ್ಯಾಪ್ಟನ್ ಶಿಬಿರಕ್ಕೆ ಅವಳ ಹೆಸರನ್ನೇ ಮೊದಲು ಬರೆಯುತ್ತಾರೆ. ಪ್ರತಿಯೊಬ್ಬರೂ ಕೇಳುವುದು ಸ್ವಲ್ಪವೇ, ಪ್ರತಿಯೊಬ್ಬರದೂ ಒಳ್ಳೆಯ ಉದ್ದೇಶವೇ. ಆ ಸ್ವಲ್ಪಗಳನ್ನೆಲ್ಲ ಕೂಡಿಸಿ ನೋಡುವವರು ಮಾತ್ರ ಶಾಲೆಯಲ್ಲಿ ಯಾರೂ ಇರುವುದಿಲ್ಲ. ನಾನೂ ಹಾಗೆ ಕೂಡಿಸದೆ ಕರೆದಿದ್ದೇನೆ. ವಾರ್ಷಿಕೋತ್ಸವದ ನಿರೂಪಣೆಗೆ ಒಬ್ಬಳನ್ನು ನಿಲ್ಲಿಸಿ, ಅವಳು ಅದೇ ವಾರ ಮೂರು ನೃತ್ಯಗಳಲ್ಲಿ ಇದ್ದಾಳೆಂಬುದನ್ನು ವೇದಿಕೆಯ ಹಿಂದೆ ಅವಳು ಗೋಡೆಗೆ ಒರಗಿ ನಿದ್ದೆ ಹೋಗಿದ್ದನ್ನು ಕಂಡಾಗಲೇ ತಿಳಿದದ್ದು. ಹಾಗಾಗಿ ಮಗಳಿಗೆ ಇಷ್ಟೊಂದು ಯಾಕೆ ಒಪ್ಪಿಕೊಂಡೆ ಎಂದು ಗದರಬೇಡಿ. ಹದಿನಾಲ್ಕು ವರ್ಷದ ಮಗು ತನ್ನ ಮೇಷ್ಟರಿಗೆ ಆಗುವುದಿಲ್ಲ ಎಂದು ಹೇಳಲಾರದು.

ಇನ್ನು ಅಳುವಿನ ವಿಚಾರ. ನಿಮ್ಮ ಮಗಳು ನಾಯಕಿಯಾಗಿ ಶಾಲೆಯಲ್ಲಿ ನಿಜವಾಗಿ ಏನು ಮಾಡುತ್ತಾಳೆಂದು ಕೇಳಿದ್ದೀರಾ? ಶಾಲಾ ಸಂಸತ್ತು ಎಂಬುದು ಮೂಲತಃ ಬಹಳ ಒಳ್ಳೆಯ ಕಲ್ಪನೆ. ಮಕ್ಕಳೇ ನಾಮಪತ್ರ ಸಲ್ಲಿಸಿ, ಪ್ರಚಾರ ಮಾಡಿ, ಗುಟ್ಟಾಗಿ ಮತ ಹಾಕಿ, ಕ್ರೀಡಾ ಮಂತ್ರಿ, ಆರೋಗ್ಯ ಮಂತ್ರಿ, ಸಾಂಸ್ಕೃತಿಕ ಮಂತ್ರಿ ಎಂದು ಹೊಣೆ ಹಂಚಿಕೊಂಡು, ಶೌಚಾಲಯಕ್ಕೆ ನೀರಿಲ್ಲ, ಬಿಸಿಯೂಟದ ಸಾಲಿನಲ್ಲಿ ಚಿಕ್ಕವರಿಗೆ ಜಾಗ ಸಿಗುತ್ತಿಲ್ಲ ಎಂಬಂಥ ಸಂಗತಿಗಳನ್ನು ಶಿಕ್ಷಕರ ಮುಂದೆ ಇಡಬೇಕು. ಆದರೆ ಎಷ್ಟೋ ಶಾಲೆಗಳಲ್ಲಿ ಪ್ರಮಾಣವಚನ ಮುಗಿದ ಮೇಲೆ ನಾಯಕಿಗೆ ಉಳಿಯುವ ಕೆಲಸ ಒಂದೇ: ಶಿಕ್ಷಕರು ಇಲ್ಲದ ಹೊತ್ತಿನಲ್ಲಿ ಬೋರ್ಡಿನ ಮೇಲೆ ಮಾತನಾಡಿದವರ ಹೆಸರು ಬರೆಯುವುದು. ಆ ಹೆಸರುಗಳ ಪಕ್ಕದಲ್ಲಿ ಗುಣಿಸು ಗುರುತು, ಮತ್ತೆ ಮಾತನಾಡಿದರೆ ಇನ್ನೊಂದು ಗುಣಿಸು ಗುರುತು. ಶಿಕ್ಷಕರು ಬಂದು ಆ ಹೆಸರುಗಳವರನ್ನು ಎದ್ದು ನಿಲ್ಲಿಸುತ್ತಾರೆ. ಜೂನ್‌ನಲ್ಲಿ ಅವಳಿಗೆ ಮತ ಹಾಕಿದ ಗೆಳತಿಯರೇ ಅಕ್ಟೋಬರ್ ಹೊತ್ತಿಗೆ ಅವಳ ತಟ್ಟೆಯ ಪಕ್ಕದಿಂದ ಎದ್ದು ಹೋಗುತ್ತಾರೆ. ಊಟಕ್ಕೆ ಯಾರೂ ಜೊತೆಗೆ ಕೂರುವುದಿಲ್ಲ ಎಂಬ ಮಾತಿನ ಹಿಂದೆ ಇಂಥದೇನಾದರೂ ಇರಬಹುದೆಂಬುದು ನನ್ನ ಬಲವಾದ ಅನುಮಾನ. ಅವಳ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಗೆಳತಿಯರ ಗುಂಪಿನಿಂದ ಹೊರಗುಳಿಯುವ ನೋವು ಅಂಕ ಕಡಿಮೆಯಾದ ನೋವಿಗಿಂತ ಬಹಳ ದೊಡ್ಡದು. ಖೋ ಖೋ ಬಿಡಿಸಿದರೆ ಈ ನೋವು ಕಡಿಮೆಯಾಗುವುದಿಲ್ಲ, ಇನ್ನೂ ಹೆಚ್ಚಾಗುವ ಸಂಭವವೇ ಜಾಸ್ತಿ, ಏಕೆಂದರೆ ಅವಳನ್ನು ಇಂದಿಗೂ ತಮ್ಮವಳೆಂದು ನೋಡುತ್ತಿರುವ ಗುಂಪು ಬಹುಶಃ ಆ ತಂಡವೊಂದೇ.

ಅತ್ತೆಯವರು, ಹೆಡ್‌ಮಾಸ್ಟರು, ಯಜಮಾನರು ಹೇಳುತ್ತಿರುವ ಮೂರು ಮಾತುಗಳ ಬಗ್ಗೆಯೂ ಹೇಳಬೇಕು. ಅತ್ತೆಯವರ ಆತಂಕದ ಹಿಂದೆ ಪ್ರೀತಿಯೇ ಇದೆ, ಆದರೆ ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಆರೋಗ್ಯವಾಗಿರುವ ಹುಡುಗಿ ಮುಟ್ಟಿನ ದಿನಗಳಲ್ಲೂ ಆಡಬಹುದು, ಹೊಟ್ಟೆನೋವು ಹೆಚ್ಚಿದ್ದರೆ ವಿಶ್ರಾಂತಿ ತೆಗೆದುಕೊಳ್ಳಬಹುದು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನೋಡಬೇಕಾದದ್ದು ಬೇರೆ: ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಪುಸ್ತಕ ಹಿಡಿದರೆ ತೂಕಡಿಕೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದು 12 ಗ್ರಾಂಗಿಂತ ಕೆಳಗಿದ್ದರೆ ವೈದ್ಯರ ಸಲಹೆ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನಿಜವಾಗಿ ನುಂಗುತ್ತಿದ್ದಾಳೆಯೇ ಎಂದು ವಿಚಾರಿಸಿ. ನಮ್ಮದು ಕಾಫಿ ಸೀಮೆ, ಊಟದ ಹಿಂದೆಯೇ ಲೋಟ ಬರುತ್ತದೆ. ಊಟದ ಜೊತೆಗೆ ಕುಡಿಯುವ ಕಾಫಿ, ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ, ಆದ್ದರಿಂದ ನಡುವೆ ಒಂದೆರಡು ಗಂಟೆ ಬಿಡುವಿರಲಿ.

ಸರ್ಟಿಫಿಕೇಟಿನ ಮಾತು ಅರ್ಧ ಸತ್ಯ. ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ವಿಶೇಷ ವರ್ಗಗಳು ಇರುವುದು ನಿಜ. ಆದರೆ ಆ ಸೀಟುಗಳು ಕೆಲವೇ, ಅಲ್ಲಿ ತೂಗಿ ನೋಡುವುದು ಮೇಲಿನ ಹಂತದ ಸಾಧನೆಯನ್ನು. ತಾಲ್ಲೂಕು ಮಟ್ಟದ ಹತ್ತು ಪ್ರಮಾಣಪತ್ರಗಳನ್ನು ಕೂಡಿಸಿದರೆ ರಾಷ್ಟ್ರ ಮಟ್ಟದ ಒಂದು ಆಗುವುದಿಲ್ಲ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಿಗೆ ಇವು ಬದಲಿಯೂ ಅಲ್ಲ. ಸೀಟಿಗಾಗಿ ಮಗುವನ್ನು ಕುಣಿಸುವುದು, ಓಡಿಸುವುದು ಬೇಡ. ಇದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿಯವರು 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಆಡಿದ ಮೇಲೆ, ನಮ್ಮ ಮಗಳನ್ನೂ ಹಾಗೆ ಮಾಡಬಹುದೇ ಎಂದು ಕೇಳಿಕೊಂಡು ಬಂದ ಪೋಷಕರಿದ್ದಾರೆ. ಅವರಿಗೆ ನಾನು ಹೇಳಿದ್ದು ಇಷ್ಟೇ: ಆಟ ಇಷ್ಟವಾದರೆ ಆಡಲಿ, ಆಟದಿಂದ ಮುಂದೇನು ಎಂಬುದನ್ನು ಆಟವೇ ತೋರಿಸುತ್ತದೆ.

ಇನ್ನು ಯಜಮಾನರ ಸಲಹೆಯಾದ ಪೂರ್ತಿ ನಿಲುಗಡೆ. ಇದನ್ನು ಮಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಮೊದಲ ಎರಡು ವಾರ ಮಗು ಪುಸ್ತಕದ ಮುಂದೆ ಕೂರುತ್ತದೆ, ಆಮೇಲೆ ಕೂರುವುದು ಮಾತ್ರ ಉಳಿಯುತ್ತದೆ. ಸಿಕ್ಕಿದ ಸಮಯವೆಲ್ಲ ಓದಿಗೆ ಹೋಗುತ್ತದೆಂಬ ಖಾತ್ರಿಯಿಲ್ಲ, ಬಹಳ ಸಲ ಅದು ಮೊಬೈಲಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತನಗೆ ಬರುವ ಕೆಲಸಗಳನ್ನೇ ತನಗೆ ಶಿಕ್ಷೆಯಾಗಿ ಕಿತ್ತುಕೊಂಡರು ಎಂದು ಮಗು ತಿಳಿಯುತ್ತದೆ. ಈಗಿರುವಂತೆಯೇ ಮಾರ್ಚ್‌ವರೆಗೆ ಬಿಟ್ಟುಬಿಡುವುದೂ ಅಪಾಯವೇ. ಒಂಬತ್ತರ ಬಹುಪದೋಕ್ತಿ ಬಾರದವಳಿಗೆ ಹತ್ತರ ವರ್ಗ ಸಮೀಕರಣ ಬರುವುದಿಲ್ಲ, ತ್ರಿಭುಜಗಳ ಸರ್ವಸಮತೆ ತಿಳಿಯದವಳಿಗೆ ಸಮರೂಪತೆ ತಿಳಿಯುವುದಿಲ್ಲ, ಪರಮಾಣು ಮತ್ತು ಅಣುಗಳ ಪಾಠ ತಪ್ಪಿದವಳಿಗೆ ರಾಸಾಯನಿಕ ಸಮೀಕರಣ ಸರಿದೂಗಿಸುವುದು ಕಂಠಪಾಠವಾಗಿಬಿಡುತ್ತದೆ. ಎಲ್ಲವನ್ನೂ ಇಟ್ಟುಕೊಂಡು ಅದರ ಮೇಲೆ ಟ್ಯೂಷನ್ ಹೇರುವುದು ಇವೆರಡಕ್ಕಿಂತ ಕೆಟ್ಟದ್ದು. ಎಸ್ಟೇಟಿನ ಲೈನಿನಿಂದ, ಅಂದರೆ ಕೆಲಸದವರ ಸಾಲುಮನೆಗಳಿಂದ, ಬಸ್ಸು ಹಿಡಿದು ಬರುವ ಮಗುವಿಗೆ ಹೋಗಿ ಬರುವುದಕ್ಕೇ ದಿನದ ಎರಡು ಗಂಟೆ ಬೇಕಾಗಬಹುದು. ಅದರ ಮೇಲೆ ಟ್ಯೂಷನ್ ಬಂದರೆ ಕತ್ತರಿ ಬೀಳುವುದು ನಿದ್ದೆಗೆ. ಈ ವಯಸ್ಸಿನವರಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರುವುದು ಆ ನಿದ್ದೆಯಲ್ಲೇ.

ನನ್ನ ಸಲಹೆ ಹೀಗಿದೆ. ಒಂದು ಭಾನುವಾರ, ಬೈಗುಳವಿಲ್ಲದ ಹೊತ್ತಿನಲ್ಲಿ, ಮಗಳ ಜೊತೆ ಕೂತು ಅವಳ ಕೈಯಿಂದಲೇ ಒಂದು ಹಾಳೆಯ ಮೇಲೆ ಎಲ್ಲ ಚಟುವಟಿಕೆಗಳನ್ನೂ ಪ್ರತಿಯೊಂದಕ್ಕೂ ವಾರಕ್ಕೆ ಹೋಗುವ ಗಂಟೆಗಳನ್ನೂ ಬರೆಯಿಸಿ. ಆ ಪಟ್ಟಿಯಲ್ಲಿ ಯಾವುದನ್ನು ಬಿಟ್ಟರೆ ನಿನಗೆ ಅಳು ಬರುತ್ತದೆ ಎಂದು ಕೇಳಿ. ಅದನ್ನು ಮುಟ್ಟಬೇಡಿ. ಯಾವುದನ್ನು ಬಿಟ್ಟರೆ ಹಗುರವೆನಿಸುತ್ತದೆ ಎಂದು ಆಮೇಲೆ ಕೇಳಿ. ಮಕ್ಕಳು ಇದಕ್ಕೆ ಬಹಳ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ, ಉತ್ತರ ನಾವು ಊಹಿಸಿದ್ದಕ್ಕಿಂತ ಬೇರೆಯಾಗಿರುವುದೂ ಉಂಟು. ಈ ವರ್ಷಕ್ಕೆ ಒಂದು ಆಟ ಅಥವಾ ಕಲೆ ಮತ್ತು ಒಂದು ಹೊಣೆ, ಇಷ್ಟೇ ಉಳಿಯಲಿ. ಉಳಿದವು ಕೈತಪ್ಪಿಹೋಗುತ್ತವೆ ಎಂಬ ಭಯ ಬೇಡ. ಶಾಲಾ ಮಕ್ಕಳ ಕಲಾ ಸ್ಪರ್ಧೆಯಾದ ಕಲೋತ್ಸವ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನವರಿಗೆ ಇದೆ, ಪಿಯುಸಿಯಲ್ಲೂ ಅವಳು ಹೋಗಬಹುದು. ಶಾಲಾ ಕ್ರೀಡೆಗಳು 17ರ ಒಳಗಿನವರಿಗೆ, ಅದಾದ ಮೇಲೆ 19ರ ಒಳಗಿನವರಿಗೆ ಎಂದು ಮುಂದುವರಿಯುತ್ತವೆ. ಗೈಡ್ಸ್‌ನಲ್ಲಿ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ ಎಂದು ಹಂತ ಹಂತವಾಗಿಯೇ ಏರಬೇಕು, ಅಲ್ಲಿ ಅವಸರಕ್ಕೆ ಬೆಲೆಯಿಲ್ಲ. ಸೇವೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ: ಪ್ರತಿ ಶನಿವಾರ ಬ್ಯಾನರ್ ಹಿಡಿದು ಫೋಟೋಗೆ ನಿಲ್ಲುವುದಕ್ಕಿಂತ, ಲೈನಿನಲ್ಲಿರುವ ಚಿಕ್ಕ ಮಕ್ಕಳಿಬ್ಬರಿಗೆ ವಾರಕ್ಕೊಂದು ದಿನ ಕನ್ನಡ ಓದಿಸುವುದು ದೊಡ್ಡ ಸೇವೆ. ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರೆರೆಯುವುದು ಅದಕ್ಕೂ ದೊಡ್ಡದು.

ನಾಯಕಿಯ ಹೊಣೆಯನ್ನು ನಡುವೆ ಬಿಟ್ಟುಕೊಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಸೋತೆ ಎಂಬ ಭಾವ ಅವಳಲ್ಲಿ ಉಳಿದುಬಿಡುತ್ತದೆ. ಬದಲಿಗೆ ಆ ಹೊಣೆಯ ರೂಪ ಬದಲಾಗಲಿ. ಹೆಸರು ಬರೆಯುವ ಕೆಲಸವನ್ನು ಮುಖ್ಯಶಿಕ್ಷಕರು ಅವಳಿಂದ ತೆಗೆಯಬೇಕು, ಅದು ನಿಮ್ಮ ಮೊದಲ ಕೋರಿಕೆಯಾಗಿರಲಿ. ಉಳಿದ ಕೆಲಸವನ್ನು ಅವಳು ತನ್ನ ಮಂತ್ರಿಗಳಿಗೆ ಹಂಚಲಿ. ಇದನ್ನು ಹೇಗೆ ಹೇಳಿದರೆ ಅರ್ಥವಾಗುತ್ತದೆ ಎಂದು ಯೋಚಿಸುವ ಅಗತ್ಯವಿಲ್ಲ, ಖೋ ಖೋ ಆಡುವವಳಿಗೆ ಅದು ಗೊತ್ತು. ಒಂಬತ್ತು ಜನರಲ್ಲಿ ಎಂಟು ಮಂದಿ ಚೌಕದಲ್ಲಿ ಕೂತಿರುತ್ತಾರೆ, ಓಡುವವಳು ಒಬ್ಬಳೇ. ಆ ಒಬ್ಬಳು ಸರಿಯಾದ ಹೊತ್ತಿಗೆ ಖೋ ಕೊಟ್ಟು ಅದೇ ಚೌಕದಲ್ಲಿ ಕೂರದಿದ್ದರೆ ಎದುರಾಳಿ ಸಿಗುವುದಿಲ್ಲ.

ಈ ದಾರಿಗೂ ತನ್ನದೇ ತೊಡಕುಗಳಿವೆ. ಬಿಟ್ಟ ಚಟುವಟಿಕೆಯ ಶಿಕ್ಷಕರು ಬೇಸರಪಡಬಹುದು, ಆ ಬೇಸರ ಮಗುವಿನ ಮೇಲೆ ಬೀಳದಂತೆ ಅವರೊಡನೆ ಮಾತನಾಡುವ ಕೆಲಸ ನಿಮ್ಮದೂ ಯಜಮಾನರದೂ ಆಗಬೇಕು, ಅವಳದಲ್ಲ. ನೃತ್ಯದ ಗುಂಪಿನಿಂದ ಹೊರಬರುವುದಾದರೆ ಮುಂದಿನ ಸ್ಪರ್ಧೆಗೆ ಎರಡು ದಿನ ಇರುವಾಗ ಬೇಡ, ಬದಲಿ ಹುಡುಗಿ ಕಲಿಯುವಷ್ಟು ಸಮಯ ಕೊಟ್ಟು ಹೊರಬರಲಿ. ಅಂಕಗಳು ಕೂಡಲೇ ಏರುವುದೂ ಇಲ್ಲ. ತಪ್ಪಿದ ಪಾಠಗಳನ್ನು ಗುರುತಿಸಿ, ಗಣಿತ ಶಿಕ್ಷಕರ ಬಳಿ ಅಥವಾ ಚೆನ್ನಾಗಿ ಬಲ್ಲ ಸಹಪಾಠಿಯ ಬಳಿ ವಾರಕ್ಕೆರಡು ದಿನ ಅವನ್ನಷ್ಟೇ ಹೇಳಿಸಿಕೊಂಡರೆ, ಮಾರ್ಚ್‌ನ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ವ್ಯತ್ಯಾಸ ಕಾಣಬೇಕು. ಸಹಪಾಠಿಯ ಬಳಿ ಕಲಿಯುವುದಾದರೆ ಊಟದ ತಟ್ಟೆಯ ತೊಂದರೆಗೂ ಅದು ಅಷ್ಟಿಷ್ಟು ನೆರವಾದೀತು. ಬೇಸಿಗೆ ರಜೆಯೂ ಇದೆ. ಈಗ ಕಾಫಿ ಹಣ್ಣು ಕೀಳುವ ಕಾಲ, ಜನವರಿಯವರೆಗೆ ನಿಮ್ಮ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲವೆಂದು ನನಗೆ ಗೊತ್ತು. ಆ ದಿನಗಳಲ್ಲಿ ಮನೆಗೆಲಸದ ಪಾಲು ಅವಳ ಮೇಲೆ ಎಷ್ಟು ಬೀಳುತ್ತಿದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.

ಒಂದು ಎಚ್ಚರಿಕೆಯ ಮಾತು ಉಳಿದಿದೆ. ಊಟ ಬಿಡುವುದು, ನಿದ್ದೆ ಬಾರದಿರುವುದು, ಇಷ್ಟದ ಖೋ ಖೋ ಕೂಡ ಬೇಡವೆನಿಸುವುದು, ಬದುಕೇ ಬೇಡ ಎಂಬ ಮಾತು, ಇವುಗಳಲ್ಲಿ ಕೊನೆಯದು ಒಮ್ಮೆ ಕೇಳಿಸಿದರೂ, ಉಳಿದವು ಎರಡು ವಾರ ಮುಂದುವರಿದರೂ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ರಾತ್ರಿಯೋ ಹಗಲೋ 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣಗಳು ನನಗೆ ಕಾಣಲಿಲ್ಲ, ಆದರೂ ಸಂಖ್ಯೆ ನಿಮ್ಮ ಬಳಿ ಇರಲಿ.

ಶಾಲೆಗೆ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ಮುಖ್ಯಶಿಕ್ಷಕರ ಮುಂದೆ ಆರೋಪದ ದನಿಯಲ್ಲಿ ಮಾತು ತೆಗೆಯಬೇಡಿ, ಅವರು ನಿಮ್ಮ ಮಗಳ ಹಿತೈಷಿಯೇ. ಬಾಯಲ್ಲಿ ಹೇಳಿದರೆ ಇದೂ ಎಲ್ಲ ಪೋಷಕರ ದೂರಿನಂತೆ ಕೇಳಿಸುತ್ತದೆ. ಮಗಳು ಬರೆದ ಗಂಟೆಗಳ ಹಾಳೆಯನ್ನೂ ತಾರೀಖುಗಳ ನಡುವೆ ಖಾಲಿ ಬಿದ್ದಿರುವ ಅವಳ ಗಣಿತದ ಪುಸ್ತಕವನ್ನೂ ಮೇಜಿನ ಮೇಲೆ ಬಿಚ್ಚಿಡಿ.